ಸೋರೆಬುರುಡೆಯಿಂದ ಸೀಸದ ಪಟ್ಟಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ದೋಸೆ ಸಾಲು ಬಿಟ್ಟು, ಸಮುದ್ರದ ವಿಷಯ ಕೇಳೋಕೆ ಸರಸ್ವತಿಪುರಂಗೆ ಬಂದಿದ್ದೀರಿ. ನಾವಿರುವ ಈ ಮೈಸೂರು ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಅಡಿ ಮೇಲಿದೆ. ನಾನು ಹೇಳಲು ಹೊರಟಿರುವುದು ಅದೇ ಸಮುದ್ರಮಟ್ಟದಿಂದ ಅರವತ್ತು ಅಡಿ ಕೆಳಗಿನ ಕಥೆ, ಅಂದರೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಸ್ಕೂಬಾ ಡೈವಿಂಗಿನ ಕಥೆ.

ನಮ್ಮೂರು ಪಾಂಡವಪುರದ ಕಡೆ. ಈಜು ಕಲಿತಿದ್ದು ವಿ.ಸಿ. ನಾಲೆಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ನಮ್ಮ ಮಾವ ಹಿಂದಿನಿಂದ ತಳ್ಳಿಬಿಟ್ಟರು. ಅಷ್ಟೇ ಪಾಠ. ನಲವತ್ತು ವರ್ಷ ಕಳೆದ ಮೇಲೆ ಅಂಡಮಾನಿನ ಒಂದು ದೋಣಿಯಲ್ಲಿ ಹುಡುಗನೊಬ್ಬ ನನ್ನ ಸೊಂಟಕ್ಕೆ ಪಟ್ಟಿ ಬಿಗಿದ. ಅದರ ತುಂಬ ಸೀಸದ ತುಂಡುಗಳು. ಆಗ ಮುಳುಗದೇ ಇರಲಿ ಅಂತ ಬುರುಡೆ, ಈಗ ಮುಳುಗಲಿ ಅಂತ ಸೀಸ! ಹಾಕಿಕೊಳ್ಳುವ ರಬ್ಬರಿನ ಅಂಗಿ ತೇಲುತ್ತದೆ, ಮೈಯೂ ತೇಲುತ್ತದೆ. ಭಾರ ಇಲ್ಲದಿದ್ದರೆ ಇಳಿಯೋಕೇ ಆಗಲ್ಲ.

ಎಷ್ಟು ಆಳ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಕಡೆಯವರಿಗೆ ಆಳ ಅಂದರೆ ಕೆಆರ್‌ಎಸ್ ತಾನೇ. ಮಳೆಗಾಲದಲ್ಲಿ ಪೇಪರ್ ಬಿಡಿಸಿದರೆ ಮೊದಲು ನೋಡೋದು ಕಟ್ಟೆಯ ಮಟ್ಟ. ತುಂಬಿದರೆ 124.80 ಅಡಿ. ಏನೂ ಕಲಿಯದೆ, ತರಬೇತುದಾರರ ಕೈ ಹಿಡಿದು ಇಳಿಯುವವರಿಗೆ 12 ಮೀಟರ್ ಮಿತಿ, ಅಂದರೆ 40 ಅಡಿ. ಮೊದಲ ಹಂತದ ತರಬೇತಿ ಮುಗಿಸಿದವರಿಗೆ 18 ಮೀಟರ್. ಕಟ್ಟೆಯ ಅರ್ಧದಷ್ಟೂ ಆಗಲಿಲ್ಲ ನೋಡಿ. ಹವಳಕ್ಕೆ ಬಿಸಿಲು ಬೇಕು. ಹಾಗಾಗಿ ನೋಡಬೇಕಾದ್ದೆಲ್ಲ ಜಾಸ್ತಿ ಇರೋದು ಇಷ್ಟರೊಳಗೇ.

ಊಟಿಯಿಂದ ಘಾಟ್ ಇಳಿಯುವಾಗ ಕಿವಿ ಗುಂಯ್ ಅನ್ನುತ್ತದೆ ಅಲ್ವಾ? ನೀರಿನಲ್ಲಿ ಅದು ಮೊದಲ ಹತ್ತು ಅಡಿಯಲ್ಲೇ ಶುರು. ಮೂಗು ಹಿಡಿದು ಮೆತ್ತಗೆ ಊದಬೇಕು, ಕಿವಿ ಟಪ್ ಅಂತ ಬಿಡುತ್ತದೆ. ನೋವು ಬಂದ ಮೇಲೆ ಊದೋದಲ್ಲ, ಬರೋ ಮೊದಲೇ. ನೆಗಡಿ ಇದ್ದರೆ ಇಳಿಯಲೇಬಾರದು. ಆಸ್ತಮಾ, ಹೃದಯದ ತೊಂದರೆ ಇರುವವರು ಡಾಕ್ಟರ್ ಒಪ್ಪಿಗೆ ಇಲ್ಲದೆ ದೋಣಿಯನ್ನೇ ಹತ್ತಬೇಡಿ.

ಇನ್ನು ಉಸಿರು. ಬೆನ್ನ ಮೇಲಿನ ಸಿಲಿಂಡರಿನಲ್ಲಿರುವುದು ಬರೀ ಆಮ್ಲಜನಕ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ, ನಾವೀಗ ಉಸಿರಾಡುತ್ತಿರುವ ಗಾಳಿಯೇ, ಗಟ್ಟಿಯಾಗಿ ಒತ್ತಿ ತುಂಬಿರುತ್ತಾರೆ. ಸೇದಿದಾಗ ಮಾತ್ರ, ಬೇಕಾದಷ್ಟು ಮಾತ್ರ ಗಾಳಿ ಬಿಡುವ ಕವಾಟ ಬಾಯಲ್ಲಿರುತ್ತದೆ. 1943ರಲ್ಲಿ ಫ್ರಾನ್ಸಿನಲ್ಲಿ ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾನ್ ಇದನ್ನು ಮಾಡಿದರು. ಗಾನ್ಯಾನ್ ಇಂಜಿನಿಯರ್. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸುವ ಪಾಡು ಬಂದಾಗ ಆತ ಮಾಡಿದ್ದ ಕವಾಟವನ್ನೇ ಮನುಷ್ಯನ ಬಾಯಿಗೆ ಹೊಂದಿಸಿದರು. ಕಾರಿನ ಇಂಜಿನ್ ಆದರೇನು, ನಾನಾದರೇನು!

ಹತ್ತು ಮೀಟರಿಗೆ ಒತ್ತಡ ಎರಡರಷ್ಟಾಗುತ್ತದೆ, ಗಾಳಿಯೂ ಎರಡರಷ್ಟು ವೇಗದಲ್ಲಿ ಖರ್ಚಾಗುತ್ತದೆ. ಅಲ್ಲಿ ಉಸಿರು ಕಟ್ಟಿ ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟು. ನಾಲೆಯಲ್ಲಿ ಮುಳುಗುವಾಗ ಉಸಿರು ಕಟ್ಟು ಅಂತ ಕಲಿತವನಿಗೆ ಇಲ್ಲಿ ಉಸಿರು ಕಟ್ಟಲೇಬೇಡ ಅಂತಾರೆ. ನಾಲೆಯ ಆ ಪಾಠ ಮರೆಯೋಕೆ ನನಗೆ ಮೂರು ದಿನ ಬೇಕಾಯಿತು.

ಸರಿ, ಇಳಿದೆವು. ಕಾಲುವೆಯ ನೀರಿನಲ್ಲಿ ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಇಲ್ಲಿ ಕ್ರಿಕೆಟ್ ಪಿಚ್ಚಿನಷ್ಟು ದೂರದ ಮೀನಿನ ಪಟ್ಟೆಯೂ ಕಾಣುತ್ತಿತ್ತು. ನೀರೊಳಗೆ ನಿಶ್ಶಬ್ದ ಅಂತ ಯಾರೋ ಹೇಳಿದ್ದರು, ಅದು ಸುಳ್ಳು. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಸುತ್ತಲೂ ಚಟಪಟ. ಸಣ್ಣ ಸಿಗಡಿಗಳು ಕೊಂಡಿ ಚಿಟುಕಿಸುವ ಸದ್ದು ಅದು. ನಡುವೆ ಕಟಕಟ ಅಂತ ಕೇಳಿದರೆ ಗಿಳಿಮೀನು. ಕೊಕ್ಕಿನಂಥ ಹಲ್ಲಿನಿಂದ ಹವಳದ ಮೇಲಿನ ಪಾಚಿ ಕೆರೆಯುತ್ತಾ ಕಲ್ಲನ್ನೂ ಅಗಿದು ನುಂಗಿ, ಹಿಂದಿನಿಂದ ನುಣ್ಣನೆ ಮರಳು ಬಿಡುತ್ತದೆ. ಹವಳದ ದ್ವೀಪಗಳ ಬಿಳಿ ಕಡಲತೀರ ಇದೆಯಲ್ಲ, ಜನ ಮಲಗಿ ಫೋಟೋ ತೆಗೆಸಿಕೊಳ್ಳುವುದು, ಅದರಲ್ಲಿ ಎಷ್ಟೋ ಪಾಲು ಹಾಗೆ ಬಂದದ್ದು.

ಹವಳ ಅಂದರೆ ನನಗೆ ಗೊತ್ತಿದ್ದದ್ದು ಅಜ್ಜಿಯ ಕೊರಳಿನ ಕೆಂಪು ಸರ. ಒಡವೆಯ ಆ ಕೆಂಪು ಹವಳ ಬೇರೆ ಜಾತಿ, ಹೆಚ್ಚಾಗಿ ಮೆಡಿಟರೇನಿಯನ್ ಕಡೆಯದು. ನಾನು ಹೇಳುತ್ತಿರುವುದು ದಿಬ್ಬ ಕಟ್ಟುವ ಹವಳ. ಅದು ಕಲ್ಲಲ್ಲ, ಗಿಡವೂ ಅಲ್ಲ. ಸುಣ್ಣದ ಗೂಡು ಕಟ್ಟಿಕೊಂಡು ಸಾವಿರಾರು ಸಂಖ್ಯೆಯಲ್ಲಿ ಅಂಟಿಕೊಂಡು ಬದುಕುವ ಪುಟ್ಟ ಪ್ರಾಣಿಗಳು. ಅವುಗಳ ಮೈಯೊಳಗೆ ಪಾಚಿ ಬಾಡಿಗೆಗೆ ಇರುತ್ತದೆ. ಬಾಡಿಗೆ ಸಕ್ಕರೆ ರೂಪದಲ್ಲಿ! ಬಿಸಿಲು ಹಿಡಿದು ಸಕ್ಕರೆ ಮಾಡೋದು ಹೇಗೆ ಅಂತ ಮಂಡ್ಯದವರಿಗೆ ನಾನು ಹೇಳಿಕೊಡಬೇಕಾ? ಕಬ್ಬು ಮಾಡುವುದನ್ನೇ ಪಾಚಿ ಮಾಡುತ್ತದೆ. ನೀರು ಮಾಮೂಲಿ ಬೇಸಿಗೆಗಿಂತ ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ ಕೆಲವು ವಾರ ಹಾಗೇ ಇದ್ದರೆ ಸಾಕು, ಹವಳ ಬಾಡಿಗೆದಾರನನ್ನು ಹೊರಗೆ ಹಾಕುತ್ತದೆ. ಬಣ್ಣ ಹೋಗಿ ಬೆಳ್ಳಗಾಗುತ್ತದೆ. ಬೇಗ ತಂಪಾಗದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಹೀಗಾಯಿತು. ಹೋಗಿ ನೋಡುವವರು ಈಗಲೇ ನೋಡಿ ಅಂತ ನಾನು ಅವಸರ ಮಾಡುವುದು ಅದಕ್ಕೇ.

ಮೊದಲ ಎರಡು ಸಲ ಇಳಿದಾಗ ನಾನು ದಸರಾ ವಸ್ತುಪ್ರದರ್ಶನಕ್ಕೆ ಬಂದ ಹುಡುಗನ ಥರ ಆಡಿದೆ. ಅದು ನೋಡು, ಇದು ನೋಡು ಅಂತ ಓಡಾಟ. ಮೂವತ್ತು ನಿಮಿಷಕ್ಕೇ ಗಾಳಿ ಖಾಲಿ. ತಿರುಗುವ ಭರದಲ್ಲಿ ಕಾಲಿನ ಈಜುರೆಕ್ಕೆ ಒಂದು ಕೊಂಬೆ ಹವಳಕ್ಕೆ ತಗುಲಿತು. ಲಟಕ್. ಒಂದು ಗೇಣಿನ ತುಂಡು ನಿಧಾನವಾಗಿ ಮರಳಿಗೆ ಬಿತ್ತು. ಕೊಂಬೆ ಹವಳ ಚೆನ್ನಾಗಿ ಬೆಳೆದರೂ ವರ್ಷಕ್ಕೆ ಹತ್ತು ಸೆಂಟಿಮೀಟರ್ ಆಸುಪಾಸು. ಗುಂಡು ಹವಳ ಒಂದು ಸೆಂಟಿಮೀಟರ್ ಆದರೆ ಹೆಚ್ಚು. ತರಬೇತುದಾರ ಬೈಯಲಿಲ್ಲ. ಕಣ್ಣಲ್ಲೇ ನೋಡಿದ. ಬೈದಿದ್ದರೆ ವಾಸಿಯಿತ್ತು.

ಮಾರನೇ ದಿನ ಆತ ನನ್ನನ್ನು ಒಂದೇ ಒಂದು ಗುಂಡು ಹವಳದ ಮುಂದೆ ನಿಲ್ಲಿಸಿದ. ನಿಲ್ಲಿಸಿದ ಅಂದರೆ, ಮುಟ್ಟದೆ ಸುಮ್ನೆ ತೇಲಿಸಿದ. ಉಸಿರು ತೆಗೆದುಕೊಂಡರೆ ಮೈ ಒಂದು ಮೊಳ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಕೈಕಾಲು ಆಡಿಸುವಂತಿಲ್ಲ. ಐದು ನಿಮಿಷ ಏನೂ ಇಲ್ಲ. ಆಮೇಲೆ ಬೆರಳುದ್ದದ ನೀಲಿ ಪಟ್ಟೆಯ ಮೀನೊಂದು ಹೊರಗೆ ಬಂದು ಕುಣಿಯತೊಡಗಿತು. ಅದು ಅಲ್ಲಿಯ ಕ್ಷೌರದಂಗಡಿ! ಮೊಳದುದ್ದದ ಗಿರಾಕಿಯೊಂದು ಬಂದು ಬಾಯಿ ತೆರೆದು ನಿಂತಿತು. ದೊಡ್ಡ ಬೇಟೆ ಮೀನು ಅದು. ಈ ಪುಟ್ಟದು ಅದರ ಬಾಯೊಳಗೇ ಹೋಗಿ ಹಲ್ಲಿನ ಸಂದಿ ಕೆದಕಿ, ಕಿವಿರಿನಿಂದ ಹೊರಗೆ ಬಂತು. ಹಿಂದೆ ಇನ್ನೂ ಇಬ್ಬರು ಗಿರಾಕಿಗಳು ತಮ್ಮ ಸರದಿಗೆ ಕಾಯುತ್ತಿದ್ದರು. ತಿನ್ನುವವನು, ತಿನ್ನಿಸಿಕೊಳ್ಳುವವನು ಅನ್ನುವ ಲೆಕ್ಕ ಆ ಜಾಗದಲ್ಲಿ ನಡೆಯುವುದಿಲ್ಲ. ಅವತ್ತು ನನ್ನ ಗಾಳಿ ಐವತ್ತು ನಿಮಿಷ ಬಂತು. ಆಮೇಲೆ ಎಷ್ಟು ಸಲ ಇಳಿದರೂ ನಾನು ಒಂದೇ ಬಂಡೆಯ ಮುಂದೆ ಸುಮ್ನೆ ತೇಲುವವನು. ಆಮೆ ನೋಡಬೇಕು, ಶಾರ್ಕ್ ನೋಡಬೇಕು ಅನ್ನುವವರಿಗೆ ನಾನು ಒಳ್ಳೆ ಜೊತೆಗಾರ ಅಲ್ಲ, ಮೊದಲೇ ಹೇಳಿಬಿಡುತ್ತೇನೆ.

ಇನ್ನೊಂದು ವಿಷಯ. ಕೆಂಪು ಬಣ್ಣ ನೀರಿನಲ್ಲಿ ಎಲ್ಲಕ್ಕಿಂತ ಮೊದಲು ಮಾಯವಾಗುತ್ತದೆ. ಅಜ್ಜಿಯ ಸರ ಹಾಕಿಕೊಂಡು ಅರವತ್ತು ಅಡಿಗೆ ಹೋದರೆ ಅದು ಕಪ್ಪುಗಂದು. ಟಾರ್ಚ್ ಬಿಟ್ಟರೆ ಮತ್ತೆ ಕೆಂಪು. ಬಂಡೆಯ ಮಾಸಲು ಮೂಲೆಗೆ ಟಾರ್ಚ್ ಹಾಕಿದಾಗ ಕುಂಕುಮ ಚೆಲ್ಲಿದಂತೆ ಸ್ಪಂಜುಗಳು ಕಂಡು ನಾನು ಬೆಚ್ಚಿದ್ದೆ.

ಅಂಡಮಾನ್ ದೂರ ಅನ್ನುವವರು ಮುರ್ಡೇಶ್ವರಕ್ಕೆ ಹೋಗಿ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ, ಸುಮಾರು 19 ಕಿಲೋಮೀಟರ್. ಅಲ್ಲಿ ಬಂಡೆಗಳ ಮೇಲೆ ಹವಳ ಬೆಳೆದಿದೆ. ಹಿಂದೆ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ದ್ವೀಪ ಅದು. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ಅಂಡಮಾನಿಗೆ ಹೋದರೆ ಕೊನೆಯ ಡೈವ್ ಆಗಿ ಕನಿಷ್ಠ 18 ಗಂಟೆ ವಿಮಾನ ಹತ್ತಬೇಡಿ, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಕಾಡುತ್ತದೆ. ಹವಳದ ತುಂಡು ಜೇಬಿಗೆ ಹಾಕಿಕೊಳ್ಳಬೇಡಿ. ಸತ್ತದ್ದಾದರೂ ಸರಿ, ವನ್ಯಜೀವಿ ಕಾಯ್ದೆಯಲ್ಲಿ ಅದು ಹುಲಿಯ ಜೊತೆ ಮೊದಲ ಪಟ್ಟಿಯಲ್ಲಿದೆ.

ಊರಿಗೆ ಬಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ತಳದಲ್ಲಿ ಕೆಸರಿತ್ತಾ?" ಇಲ್ಲಮ್ಮ, ಮರಳು ಅಂದೆ. ಮರಳಿನ ಕಥೆಯನ್ನೂ ಹೇಳಿದೆ. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ಮೊದಲ ದಿನದ ವಿಡಿಯೋ ತೋರಿಸಿದೆ. ನಾನು ಮೀನು ತೋರಿಸುತ್ತಿದ್ದೆ, ಅವಳು ನೋಡಲೇ ಇಲ್ಲ. ಫೋನ್ ಕಿವಿಯ ಹತ್ತಿರ ಹಿಡಿದುಕೊಂಡು ಬುಸ್ ಬುಸ್ ಅನ್ನುವ ಸದ್ದನ್ನೇ ಕೇಳಿದಳು.

"ಇದು ನಿನ್ನ ಉಸಿರಾ?"

ಹೂಂ ಅಂದೆ.

"ಹೆದರಿದ್ದೆ ಅಲ್ವಾ?"

ಅದಕ್ಕೇ ಎರಡನೇ ವಿಡಿಯೋ ಹಾಕಿದೆ, ಆ ಗುಂಡು ಹವಳದ ಮುಂದಿನದು. ಸ್ವಲ್ಪ ಹೊತ್ತು ಕೇಳಿ, ಫೋನ್ ವಾಪಸ್ ಕೊಟ್ಟು, ಅಕ್ಕಿ ಆರಿಸೋಕೆ ಕೂತಳು.