ಅಜ್ಜನ ದನಿ ಇರುವ ಕ್ಯಾಸೆಟ್

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಅಕ್ಕನ ಮದುವೆ ಆದದ್ದು 1992ರಲ್ಲಿ. ಅದರ ವಿಡಿಯೋ ಮೂರು ಗಂಟೆಯ ಒಂದು ವಿಎಚ್‌ಎಸ್ ಕ್ಯಾಸೆಟ್‌ನಲ್ಲಿದೆ. ಅದರಲ್ಲಿ ಒಂದು ಕಡೆ ನಮ್ಮ ಅಜ್ಜ ಊಟದ ಪಂಕ್ತಿಯ ನಡುವೆ ನಿಂತು, "ಪಾಯಸ ಇನ್ನೊಂದು ಸಲ ಬರಲಿ" ಅಂತ ಕೂಗುತ್ತಾರೆ. ಅಷ್ಟೇ. ಅಜ್ಜನ ದನಿ ನಮ್ಮಲ್ಲಿ ಉಳಿದಿರುವುದು ಅದೊಂದೇ ಕಡೆ. ಅದನ್ನು ಕಂಪ್ಯೂಟರಿಗೆ ಇಳಿಸಲು ಹೊರಟಾಗ ನಾನು ಕಲಿತದ್ದನ್ನು ಇವತ್ತು ಹೇಳುತ್ತೇನೆ.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಒಂದೆರಡು ಕ್ಯಾಸೆಟ್ ಇರಬಹುದು, ಅಲ್ವಾ? ವಿಎಚ್‌ಎಸ್ ಅನ್ನು ಜಪಾನಿನ ಜೆವಿಸಿ ಕಂಪನಿ ತಂದದ್ದು 1976ರಲ್ಲಿ. ಆ ಕ್ಯಾಸೆಟ್ ಓಡಿಸುವ ಯಂತ್ರ, ಅಂದರೆ ವಿಸಿಆರ್, ತಯಾರಿಸುತ್ತಿದ್ದ ಕೊನೆಯ ಕಂಪನಿ ಫುನಾಯ್ 2016ರಲ್ಲಿ ಆ ಕೆಲಸ ನಿಲ್ಲಿಸಿತು. ಹಾಗಾಗಿ ಇವತ್ತು ಸಿಗುವ ವಿಸಿಆರ್ ಎಲ್ಲವೂ ಹಳೆಯವೇ. ರಿಪೇರಿ ಗೊತ್ತಿರುವವರೂ ಕಡಿಮೆಯಾಗುತ್ತಿದ್ದಾರೆ. ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ.

ನಾನು ಮೊದಲು ತಂದದ್ದು ಎಲ್ಲಕ್ಕಿಂತ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಡಿವೈಸ್, ಅಂದರೆ ವಿಸಿಆರ್‌ನಿಂದ ಬರುವ ವಿಡಿಯೋವನ್ನು ಕಂಪ್ಯೂಟರಿಗೆ ಇಳಿಸುವ ಸಾಧನ. ಒಂದು ಕಡೆ ಹಳದಿ, ಕೆಂಪು, ಬಿಳಿ ಪಿನ್ ಚುಚ್ಚುವ ಜಾಗ, ಇನ್ನೊಂದು ಕಡೆ ಯುಎಸ್‌ಬಿ. ವಿಸಿಆರ್‌ಗೆ ಜೋಡಿಸಿ ಕ್ಯಾಸೆಟ್ ಓಡಿಸಿದೆ. ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಬಂತು. ಒಂದು ಗಂಟೆ ಕಳೆಯುವ ಹೊತ್ತಿಗೆ ಚಿತ್ರವೇ ಬೇರೆ, ಮಾತೇ ಬೇರೆ. ಪುರೋಹಿತರು ಬಾಯಿ ಮುಚ್ಚಿದ ಮೇಲೆ ಮಂತ್ರ ಕೇಳುತ್ತಿತ್ತು. ಅಜ್ಜ ಕೈ ಎತ್ತಿ ಕೂಗಿ ಆಚೆ ಹೋದ ಮೇಲೆ ಅವರ ದನಿ ಬಂತು. ತುಂಬಾ ಬೇಜಾರಾಯಿತು.

ಯಾಕೆ ಹೀಗಾಯಿತು? ನಮ್ಮ ದೇಶದ ಟಿವಿ ಪದ್ಧತಿ ಪಾಲ್. ಅದರಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಪ್ರತಿ ಗೆರೆಯೂ ಸರಿಯಾದ ಹೊತ್ತಿಗೆ ಬರಬೇಕು. ಹಳೆಯ ಟೇಪು ಹಿಗ್ಗಿರುತ್ತದೆ, ವಿಸಿಆರ್‌ನ ಮೋಟಾರು ತುಸು ಏರುಪೇರಾಗುತ್ತದೆ. ಗೆರೆಗಳು ಒಮ್ಮೆ ಬೇಗ, ಒಮ್ಮೆ ತಡವಾಗಿ ಬರುತ್ತವೆ. ಹಳೆಯ ಟಿವಿ ಅದನ್ನು ಹೇಗೋ ಹೊಂದಿಸಿಕೊಳ್ಳುತ್ತಿತ್ತು. ಕ್ಯಾಪ್ಚರ್ ಡಿವೈಸ್‌ಗೆ ಅಷ್ಟು ತಾಳ್ಮೆ ಇಲ್ಲ. ಲೆಕ್ಕ ತಪ್ಪಿದರೆ ಇಡೀ ಚಿತ್ರವನ್ನೇ ಬಿಟ್ಟುಬಿಡುತ್ತದೆ. ಸಾವಿರ ಚಿತ್ರ ಬಿಟ್ಟುಹೋದರೆ ನಲವತ್ತು ಸೆಕೆಂಡು ಹೋದಂತೆ. ದನಿ ಮಾತ್ರ ತನ್ನ ಪಾಡಿಗೆ ಓಡುತ್ತಿರುತ್ತದೆ.

ಗೆರೆಗಳನ್ನು ಮತ್ತೆ ಹೊತ್ತಿಗೆ ಸರಿಯಾಗಿ ಜೋಡಿಸುವುದಕ್ಕೆ ಟೈಮ್ ಬೇಸ್ ಕರೆಕ್ಟರ್ ಅಂತ ಒಂದು ಏರ್ಪಾಡಿದೆ. ಟಿಬಿಸಿ ಅಂತ ಕರೆಯುತ್ತಾರೆ. ವಿಎಚ್‌ಎಸ್‌ಗಿಂತ ಮೇಲ್ದರ್ಜೆಯ, ದುಬಾರಿ ಎಸ್-ವಿಎಚ್‌ಎಸ್ ವಿಸಿಆರ್‌ಗಳಲ್ಲಿ ಕೆಲವಕ್ಕೆ ಇದು ಒಳಗೇ ಇರುತ್ತದೆ. ಅದು ಸಿಗದಿದ್ದರೆ ಇನ್ನೊಂದು ದಾರಿ ಇದೆ. ಪ್ಯಾನಾಸೋನಿಕ್‌ನ ಡಿಎಂಆರ್-ಇಎಸ್10, ಇಎಸ್15ರಂಥ ಹಳೆಯ ಡಿವಿಡಿ ರೆಕಾರ್ಡರ್‌ಗಳ ಮೂಲಕ ಸಿಗ್ನಲ್ ಹಾಯಿಸಿದರೆ ಗೆರೆಗಳ ಓಲಾಟ ಎಷ್ಟೋ ನಿಲ್ಲುತ್ತದೆ. ಡಿವಿಡಿಯಲ್ಲಿ ರೆಕಾರ್ಡ್ ಮಾಡುವುದೇ ಬೇಡ. ವಿಸಿಆರ್‌ಗೂ ಕ್ಯಾಪ್ಚರ್ ಡಿವೈಸ್‌ಗೂ ನಡುವೆ ಅದು ಸುಮ್ನೆ ಕೂತಿದ್ದರೆ ಸಾಕು. ಅದಕ್ಕೇ ನನ್ನ ಮಾತು ಇಷ್ಟು: ಹಣ ಮೊದಲು ಒಳ್ಳೆಯ ವಿಸಿಆರ್‌ಗೆ ಹೋಗಲಿ, ಆಮೇಲೆ ಗೆರೆ ಸರಿಪಡಿಸುವುದಕ್ಕೆ, ಕ್ಯಾಪ್ಚರ್ ಡಿವೈಸ್‌ಗೆ ಕೊನೆಗೆ.

ಇನ್ನು ಡಿವೈಸ್ ಹೇಗೆ ಆರಿಸುವುದು? ಅಂಗಡಿಯಲ್ಲಿ ಒಂದೇ ಥರ ಕಾಣುವ ಎರಡು ಡಿವೈಸ್‌ಗಳ ಒಳಗೆ ಬೇರೆ ಬೇರೆ ಚಿಪ್ ಇರಬಹುದು. ನಿಮ್ಮ ಕಂಪ್ಯೂಟರ್‌ಗೆ ಅದರ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಸಿಗುತ್ತದೆಯೇ ಅಂತ ಮೊದಲು ನೋಡಿ. ಹಾಪಾಗ್ ಕಂಪನಿಯ ಯುಎಸ್‌ಬಿ-ಲೈವ್ 2 ಮತ್ತು ಜಪಾನಿನ ಐ-ಓ ಡೇಟಾದ ಜಿವಿ-ಯುಎಸ್‌ಬಿ2, ಈ ಎರಡನ್ನೂ ಈ ಕೆಲಸಕ್ಕೆ ತುಂಬಾ ಜನ ಬಳಸುತ್ತಾರೆ. ಎಸ್-ವಿಡಿಯೋ ಪಿನ್ ಇದ್ದರೆ ಒಳ್ಳೆಯದು. ಅದರಲ್ಲಿ ಬೆಳಕು ಮತ್ತು ಬಣ್ಣ ಬೇರೆ ಬೇರೆ ತಂತಿಯಲ್ಲಿ ಬರುತ್ತವೆ, ಬಣ್ಣ ಕದಡುವುದಿಲ್ಲ. ಆದರೆ ವಿಸಿಆರ್‌ನಲ್ಲೂ ಆ ಪಿನ್ ಇರಬೇಕು. ಸಾಮಾನ್ಯ ವಿಸಿಆರ್‌ಗಳಲ್ಲಿ ಇರುವುದಿಲ್ಲ. ಚಿಕ್ಕ ಕ್ಯಾಸೆಟ್ ಹಾಕುವ ಹೈ8 ಕ್ಯಾಮರಾದಲ್ಲಿ ಸಾಮಾನ್ಯವಾಗಿ ಇರುತ್ತದೆ.

ಕ್ಯಾಪ್ಚರ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಪಾಲ್ ಅಂತ ಆರಿಸಿ, ಅಳತೆ 720ಕ್ಕೆ 576 ಇಡಿ. ಅಮೆರಿಕದಿಂದ ನೆಂಟರು ಕಳಿಸಿದ ಕ್ಯಾಸೆಟ್ ಆದರೆ ಅದು ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ. ಅದರಲ್ಲಿ ಗೆರೆ 525, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮ ಕಡೆಯ ಎಷ್ಟೋ ವಿಸಿಆರ್‌ಗಳು ಅದನ್ನು ಟಿವಿಗೆ ಹೊಂದುವಂತೆ ಬೆರಕೆ ಮಾಡಿ ಕೊಡುತ್ತವೆ. ಆಗ ಕ್ಯಾಪ್ಚರ್ ಮಾಡಿದ್ದು ಕಪ್ಪುಬಿಳುಪಾಗಿ ಬಂದರೆ ಕ್ಯಾಸೆಟ್ ಕೆಟ್ಟಿತು ಅಂದುಕೊಳ್ಳಬೇಡಿ.

ಹಳದಿ, ಕೆಂಪು, ಬಿಳಿ ಪಿನ್‌ಗಳ ಎವಿಯಿಂದ ಹೊಸ ಟಿವಿಯ ಎಚ್‌ಡಿಎಂಐಗೆ ಬದಲಿಸುವ ಚಿಕ್ಕ ಡಬ್ಬಿಗಳನ್ನು ಈ ಕೆಲಸಕ್ಕೆ ತರಬೇಡಿ. ಹಳೆಯ ವಿಡಿಯೋದ ಪ್ರತಿ ಚಿತ್ರವೂ ಎರಡು ಅರ್ಧಗಳಲ್ಲಿ ಇರುತ್ತದೆ. ಬೆಸ ಗೆರೆಗಳದು ಒಂದು, ಸಮ ಗೆರೆಗಳದು ಇನ್ನೊಂದು. ಸೆಕೆಂಡಿಗೆ 50 ಅರ್ಧಗಳು. ಈ ಡಬ್ಬಿಗಳು ಎಷ್ಟೋ ಸಲ ಒಂದು ಅರ್ಧವನ್ನು ಎಸೆದುಬಿಡುತ್ತವೆ. ಆರತಿ ಎತ್ತುವ ಕೈ ಜಗ್ಗಿ ಜಗ್ಗಿ ಹೋದಂತೆ ಕಾಣುತ್ತದೆ. ಮೇಲಾಗಿ ಚಿತ್ರವನ್ನು ಅಗಲಕ್ಕೆ ಎಳೆದು ಎಲ್ಲರ ಮುಖ ಊದಿಸುತ್ತವೆ.

ರೆಕಾರ್ಡ್ ಮಾಡುವಾಗಲೇ ಫೈಲನ್ನು ಹಿಂಡಿ ಸಣ್ಣದು ಮಾಡುವ ಡಿವೈಸ್ ಕೂಡ ಬೇಡ. ಹಾಗೆ ಕಳೆದದ್ದು ಮತ್ತೆ ಬರುವುದಿಲ್ಲ. ಹಫ್‌ವೈಯುವಿ, ಎಫ್‌ಎಫ್‌ವಿ1 ಎಂಬ ಕೋಡೆಕ್‌ಗಳಿವೆ, ಅಂದರೆ ವಿಡಿಯೋವನ್ನು ಫೈಲಾಗಿ ಕಟ್ಟಿಡುವ ವಿಧಾನಗಳು. ಇವು ಏನನ್ನೂ ಕಳೆಯದೆ ಇಡುತ್ತವೆ. ಗಂಟೆಗೆ ಸುಮಾರು 30ರಿಂದ 40 ಜಿಬಿ ಜಾಗ ಬೇಕು. ಜಾಸ್ತಿ ಅನ್ನಿಸಬಹುದು. ಅದನ್ನು ಒಂದು ಹಾರ್ಡ್ ಡಿಸ್ಕಿನಲ್ಲಿಟ್ಟು, ಮನೆಮಂದಿಗೆ ಹಂಚಲು ಸಣ್ಣ ಪ್ರತಿ ಬೇರೆ ಮಾಡಿ. ನಿಮ್ಮದು ಮಿನಿಡಿವಿ ಕ್ಯಾಸೆಟ್ ಆದರೆ ಈ ಯಾವ ಡಿವೈಸೂ ಬೇಡ. ಅದು ಮೊದಲಿಂದಲೂ ಡಿಜಿಟಲ್. ಕ್ಯಾಮರಾದಿಂದ ಫೈರ್‌ವೈರ್ ತಂತಿಯಲ್ಲಿ ನೇರ ನಕಲು ಮಾಡಬಹುದು, ಗಂಟೆಗೆ 13 ಜಿಬಿ.

ಕ್ಯಾಸೆಟ್ ಹಾಕುವ ಮೊದಲು ಒಂದು ಮಾತು. ಅದರ ಚಿಕ್ಕ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಕರಾವಳಿ, ಮಲೆನಾಡಿನ ಮಳೆಗೆ ಅದರ ಅಂಚಿನಲ್ಲಿ ಬಿಳಿ ಬೂಷ್ಟು ಕೂತಿರುತ್ತದೆ. ಹಾಗಿದ್ದರೆ ಖಂಡಿತ ಓಡಿಸಬೇಡಿ. ಟೇಪು ಹರಿಯಬಹುದು, ಬೂಷ್ಟು ಟೇಪನ್ನು ಓದುವ ವಿಸಿಆರ್‌ನ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹೋಗುತ್ತದೆ. ಅದನ್ನು ಶುಚಿ ಮಾಡಬಲ್ಲವರ ಕೈಗೆ ಕೊಡಿ. ಕ್ಯಾಸೆಟ್‌ನ ಬೆನ್ನಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಚೂರು ಇದ್ದರೆ ಮುರಿದುಬಿಡಿ. ಆಮೇಲೆ ಯಾರಾದರೂ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅದರ ಮೇಲೆ ಏನೂ ಅಚ್ಚಾಗುವುದಿಲ್ಲ.

ಎರಡನೇ ಸಲ ನಾನು ಡಿವಿಡಿ ರೆಕಾರ್ಡರ್ ನಡುವೆ ಇಟ್ಟು ಮೂರು ಗಂಟೆ ಪಕ್ಕದಲ್ಲೇ ಕೂತೆ. ಅಜ್ಜ ಬಂದರು, ಕೈ ಎತ್ತಿದರು, ತುಟಿ ಮತ್ತು ದನಿ ಕೂಡಿಯೇ ಬಂದವು. ಅಮ್ಮನಿಗೆ ತೋರಿಸಿದೆ. ಅಮ್ಮ ನಾಲ್ಕು ಸಲ ನೋಡಿದರು. ಆಮೇಲೆ ಪಂಕ್ತಿಯಲ್ಲಿ ಕೂತವರ ಹೆಸರು ಒಂದೊಂದಾಗಿ ಹೇಳಿದರು, ನಾನು ಬರೆದುಕೊಂಡೆ. ಹದಿನಾಲ್ಕು ಜನರಲ್ಲಿ ಮೂವರು ಯಾರೆಂದು ಅಮ್ಮನಿಗೂ ನೆನಪಾಗಲಿಲ್ಲ. ಮುಂದಿನ ತಿಂಗಳು ಸೋದರತ್ತೆ ಬರುತ್ತಾರೆ. ಅವರಿಗೆ ತೋರಿಸಿ ಕೇಳಬೇಕು.

ನಮಸ್ಕಾರ.