ಭದ್ರಾವತಿ: ಇದ್ದಿಲಿನಿಂದ ಎದ್ದ ಊರು

ಭದ್ರಾವತಿಯಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ, ಉತ್ತರದಲ್ಲಿ ಎಲ್ಲಾದರೂ ಒಂದು ಕಡೆ ಕಾರ್ಖಾನೆ ನುಸುಳಿಯೇ ನುಸುಳುತ್ತದೆ. ಹಳೇನಗರ, ನ್ಯೂ ಟೌನ್, ಕಾಗದನಗರ. ಇವುಗಳಲ್ಲಿ ಹಳೇನಗರ ಮಾತ್ರ ತಾನಾಗಿ ಬೆಳೆದದ್ದು. ಉಳಿದೆರಡು ಕಾರ್ಖಾನೆಗಳ ಬೆನ್ನು ಹಿಡಿದು ಬಂದವು.

ಈ ಊರಿನ ಕಥೆ ಹೇಳುವವರೆಲ್ಲ ವಿಶ್ವೇಶ್ವರಯ್ಯನವರಿಂದ ಶುರು ಮಾಡುತ್ತಾರೆ. ನಾನು ಸೌದೆಯಿಂದ ಶುರು ಮಾಡುತ್ತೇನೆ. ಮೈಸೂರು ಸಂಸ್ಥಾನದಲ್ಲಿ ಕಬ್ಬಿಣದ ಅದಿರಿತ್ತು, ಕಲ್ಲಿದ್ದಲು ಇರಲಿಲ್ಲ. ಅದಿರನ್ನು ಕರಗಿಸಬೇಕೆಂದರೆ ಮಲೆನಾಡಿನ ಮರವನ್ನು ಸುಟ್ಟು ಇದ್ದಿಲು ಮಾಡುವುದೇ ದಾರಿ. ಕಾಡು ಪಕ್ಕದಲ್ಲಿತ್ತು, ನೀರಿಗೆ ಭದ್ರಾ ನದಿ ಇತ್ತು. ಆಗ ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಈ ಊರಿಗೆ ಅದೃಷ್ಟ ಖುಲಾಯಿಸಿದ್ದು ಹೀಗೆ.

1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಯಿತು. 1923ರ ಜನವರಿಯಲ್ಲಿ ಮೊದಲ ಬೀಡುಕಬ್ಬಿಣ ಹರಿಯಿತು. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರನ್ನು ಅಗೆದು, ಹಗ್ಗದ ಮೇಲೆ ತೂಗುವ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿಸಿ, ಅಲ್ಲಿಂದ ಕಿರುರೈಲಿನಲ್ಲಿ ಇಲ್ಲಿಗೆ ತರುತ್ತಿದ್ದರು. ಸೌದೆಯದ್ದು ಇನ್ನೂ ಸೊಗಸಾದ ಕಥೆ. ಅದನ್ನು ಬಯಲಿನಲ್ಲಿ ಗುಡ್ಡೆ ಹಾಕಿ ಸುಡುತ್ತಿರಲಿಲ್ಲ. ಗಾಳಿಯಾಡದ ಕಬ್ಬಿಣದ ಪಾತ್ರೆಗಳಲ್ಲಿ ಮುಚ್ಚಿ ಕಾಯಿಸುತ್ತಿದ್ದರು. ಇದ್ದಿಲು ಪಾತ್ರೆಯೊಳಗೆ ಉಳಿಯುತ್ತಿತ್ತು. ಮೇಲೆದ್ದ ಹೊಗೆಯನ್ನು ತಣಿಸಿದರೆ ಟಾರು, ಮದ್ಯಸಾರ, ಆಮ್ಲ. ಹೊಗೆಯನ್ನೂ ಬಿಡದೆ ಮಾರಿದ ಕಾರ್ಖಾನೆ ಇದು! ಮೊದಲಿನ ಹೆಸರಿನಲ್ಲಿಯೇ ಕಬ್ಬಿಣಕ್ಕಿಂತ ಮುಂದೆ ಮರದ ಭಟ್ಟಿ ಇಳಿಸುವಿಕೆ ಇತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್.

ಆದರೂ ನಷ್ಟ ತಪ್ಪಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಕುಸಿದಿತ್ತು. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದದ್ದು ಆಗ, 1923ರಲ್ಲಿ. ದಿವಾನಗಿರಿ ಬಿಟ್ಟು ವರ್ಷಗಳಾಗಿದ್ದವು. ಕಾರ್ಖಾನೆಯನ್ನು ಹಳಿಗೆ ತಂದು 1929ರಲ್ಲಿ ಹೊರಟರು. ಇಂದು ಅವರ ಹೆಸರೇ ಅದಕ್ಕಿದೆ.

ಕಾಗದದ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ. ಮುಂದೆ 80ರ ದಶಕದಲ್ಲಿ ಪತ್ರಿಕೆಗಳಿಗೆ ಬೇಕಾದ ಕಾಗದವೂ ಇಲ್ಲಿಂದ ಹೊರಟಿತು. ಅದಕ್ಕಾಗಿ ಮಲೆನಾಡಿನ ಗುಡ್ಡಗಳಲ್ಲಿ ಬೆಳೆಸಿದ ನೀಲಗಿರಿ, ಅಕೇಶಿಯಾ ನೆಡುತೋಪುಗಳ ಬಗೆಗಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಊರಿನ ಲೆಕ್ಕಪುಸ್ತಕದಲ್ಲಿ ಕಾಡಿನ ಬಾಕಿಯನ್ನು ಬರೆದವರು ಕಡಿಮೆ.

ಇಷ್ಟು ದೂರ ಬಂದವರು ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯವನ್ನು ಬಿಟ್ಟು ಹೋಗಬೇಡಿ. 13ನೆಯ ಶತಮಾನದ ಹೊಯ್ಸಳರ ಗುಡಿ, ಮೂರು ಗರ್ಭಗುಡಿಗಳ ತ್ರಿಕೂಟ. ಹೊರಗೋಡೆ ಮೂಲೆ ಮೂಲೆಯಾಗಿ ಒಳಹೊಕ್ಕು ಹೊರಚಾಚುವುದರಿಂದ ಬಿಸಿಲು ಸರಿದಂತೆ ನೆರಳಿನ ಪಟ್ಟಿಗಳೂ ಜಾಗ ಬದಲಿಸುತ್ತವೆ. ಬೇಲೂರು, ಹಳೇಬೀಡಿನ ನೂಕುನುಗ್ಗಲು ಇಲ್ಲಿಲ್ಲ. ನಿಂತು ನೋಡಬಹುದು.

ಈಗ ಪೇಟೆ ಬೀದಿಗೆ ಬನ್ನಿ. ಸಂಬಳದ ದಿನ ನೋಡಿಕೊಂಡು ಉದ್ರಿ ಕೊಡುವುದು ಕಾರ್ಖಾನೆ ಊರಿನ ವ್ಯಾಪಾರದ ರೀತಿ. ಅಂಥ ಊರಿನಲ್ಲಿ ಗೇಟು ಮುಚ್ಚಿದರೆ ಬಾಗಿಲು ಹಾಕುವುದು ಒಂದೇ ಕಟ್ಟಡವಲ್ಲ. ಕಾಗದದ ಉತ್ಪಾದನೆ 2015ರಲ್ಲಿ ನಿಂತಿತು. ವಿಶ್ವೇಶ್ವರಯ್ಯನವರ ಹೆಸರಿನ ಆ ಕಬ್ಬಿಣ, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರು ಧರಣಿ ಕೂತರು. ಅದೇ ವರ್ಷದ ಆಗಸ್ಟ್‌ನಲ್ಲಿ ಉಕ್ಕನ್ನು ಸರಳುಗಳಾಗಿಸುವ ಬಾರ್ ಮಿಲ್ ಮತ್ತೆ ತಿರುಗಿತು, ಹೊರಗಿನಿಂದ ತರಿಸಿದ ಉಕ್ಕನ್ನು ನಂಬಿಕೊಂಡು. ಅದಿರು ಹತ್ತಿರವಿದೆ ಎಂದೇ ಇಲ್ಲಿ ಕಟ್ಟಿದ ಕಾರ್ಖಾನೆಗೆ ಸ್ವಂತ ಗಣಿ ಇಲ್ಲ ಎಂಬುದೇ ಇಂದಿನ ದೊಡ್ಡ ತಕರಾರು. ಹಿಂದೆ ಅದರ ಗಣಿಯಿದ್ದ ಕೆಮ್ಮಣ್ಣುಗುಂಡಿಗೆ ಈಗ ಜನ ಹೋಗುವುದು ಮಂಜು ನೋಡಲು.