ವಾರದ ಇಂಜೆಕ್ಷನ್ನೂ ಕಣ್ಣೂ

ನಮಸ್ಕಾರ ಕೇಳುಗರೇ. ಶುಗರ್‌ಗೆ ಅಂತ, ತೂಕ ಇಳಿಸೋಕೆ ಅಂತ ವಾರಕ್ಕೊಂದು ಇಂಜೆಕ್ಷನ್ ತಗೊಳ್ತಾರಲ್ಲ, ಸೆಮಾಗ್ಲುಟೈಡು, ಓಜೆಂಪಿಕ್ಕು ವೆಗೋವಿ ಅಂತ ಹೆಸರು, ಅದರಿಂದ ಕಣ್ಣು ಹೋಗುತ್ತಂತೆ ಹೌದಾ ಅಂತ ಕೇಳೋರಿಗೆ ನಾನು ಹೇಳೋದು ಒಂದೇ ಮಾತು, ಭಯ ಬೇಡ, ಆದ್ರೆ ಶುಗರ್ ಇರೋರು ಶುರು ಮಾಡೋ ಮುಂಚೆನೇ ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೊಂಡು ರೆಟಿನಾ, ಅಂದ್ರೆ ಕಣ್ಣಿನ ಹಿಂಭಾಗದ ಪರದೆ, ಚೆಕ್ ಮಾಡಿಸಿ.

ಯಾಕೆ ಅಂದ್ರೆ, ವರ್ಷಗಟ್ಟಲೆ ಏರೇ ಇದ್ದ ಶುಗರ್ ಕೆಲವೇ ತಿಂಗಳಲ್ಲಿ ಸರ್ರಂತ ಇಳಿದ್ರೆ, ಮೊದಲೇ ರೆಟಿನೋಪತಿ, ಅಂದ್ರೆ ಶುಗರಿಂದ ರೆಟಿನಾದ ರಕ್ತನಾಳ ಹಾಳಾಗೋ ತೊಂದರೆ, ಇರೋರಿಗೆ ಅದು ಕೆರಳಬಹುದು. ಇನ್ಸುಲಿನ್‌ನಲ್ಲೂ ಡಾಕ್ಟರುಗಳು ಇದನ್ನ ಹಿಂದೆನೇ ನೋಡಿದ್ರು. 2016ರ ಸಸ್ಟೇನ್-6 ಅಧ್ಯಯನದಲ್ಲಿ ಸೆಮಾಗ್ಲುಟೈಡ್ ತಗೊಂಡ ನೂರು ಜನರಲ್ಲಿ 3 ಮಂದಿಗೆ ರೆಟಿನಾ ತೊಡಕು ಬಂತು, ಔಷಧಿ ಇಲ್ಲದ ಇಂಜೆಕ್ಷನ್ ತಗೊಂಡೋರಲ್ಲಿ ಅದು 1.8, ಹಾಗೆ ಆದೋರಲ್ಲಿ ಹೆಚ್ಚಿನವರಿಗೆ ರೆಟಿನೋಪತಿ ಮೊದಲೇ ಇತ್ತು. ಅದಕ್ಕೇ ಮುಂಚೆ ತೋರಿಸಿ ಅನ್ನೋದು, ಡೋಸ್ ನಿಧಾನಕ್ಕೆ ಏರಿಸಬೇಕಾ ಅಂತ ಡಾಕ್ಟರಿಗೂ ಗೊತ್ತಾಗುತ್ತೆ.

ಇನ್ನೊಂದು ಇದೆ, ನಯಾನ್ ಅಂತಾರೆ, ಕಣ್ಣಿನ ನರಕ್ಕೆ ರಕ್ತ ಸಾಲದೆ ಆಗೋ ಪೆಟ್ಟು. ನೋವೇ ಇರಲ್ಲ, ಎಷ್ಟೋ ಸಲ ಬೆಳಿಗ್ಗೆ ಎದ್ದಾಗ್ಲೇ ಗೊತ್ತಾಗೋದು, ಒಂದು ಕಣ್ಣಲ್ಲಿ ಮೇಲಿನ ಅರ್ಧನೋ ಕೆಳಗಿನ ಅರ್ಧನೋ ಮಂಕು, ಹೋದ ದೃಷ್ಟಿ ಪೂರ್ತಿ ವಾಪಸ್ ತರೋ ಔಷಧಿ ಇನ್ನೂ ಇಲ್ಲ, ನನ್ನನ್ನ ಜಾಸ್ತಿ ಕಾಡೋದು ಇದೇ. 2024ರಲ್ಲಿ ಅಮೆರಿಕದ ಸಂಶೋಧಕರು ಈ ನಂಟಿನ ಬಗ್ಗೆ ಬರೆದ್ರು, 2025ರ ಜೂನಲ್ಲಿ ಯುರೋಪಿನ ಔಷಧ ಸಂಸ್ಥೆ ಇದನ್ನ ಸೆಮಾಗ್ಲುಟೈಡ್‌ನ ಅತಿ ಅಪರೂಪದ ಅಡ್ಡಪರಿಣಾಮ ಅಂತ ಸೇರಿಸ್ತು, 10,000 ಜನರಲ್ಲಿ ಒಬ್ಬರಿಗೆ ಆಗಬಹುದು ಅಷ್ಟೇ. ನಯಾನ್ ಅಂತ ಖಚಿತ ಆದ್ರೆ ಇಂಜೆಕ್ಷನ್ ನಿಲ್ಲಿಸಬೇಕು ಅಂತಾನೂ ಹೇಳ್ತು. ಒಂದು ಕಣ್ಣಲ್ಲಿ ಮೊದಲೇ ಹೀಗಾಗಿರೋರು, ನಿದ್ದೇಲಿ ಉಸಿರು ಕಟ್ಟೋ ತೊಂದರೆ ಇರೋರು ಅದನ್ನ ಡಾಕ್ಟರ್ ಹತ್ರ ಬಾಯಿಬಿಟ್ಟು ಹೇಳ್ಬೇಕು.

ಶುಗರ್‌ಗೆ ಕೊಡೋ ಪಯೋಗ್ಲಿಟಜೋನ್ ಮಾತ್ರೆ ತಗೊಳ್ಳೋರಿಗೂ ಅಪರೂಪಕ್ಕೆ ರೆಟಿನಾ ಮಧ್ಯಭಾಗದಲ್ಲಿ ನೀರು ತುಂಬ್ಕೊಂಡು ಮಸುಕಾಗುತ್ತೆ. ಇನ್ನು ಶುಗರ್ ಇಳಿಯೋ ಶುರುವಲ್ಲಿ ಕೆಲವು ವಾರ ನೋಟ ಏರುಪೇರಾಗೋದು ಬೇರೆ, ಅದು ಕಣ್ಣಿನ ಮಸೂರ ಹೊಂದ್ಕೊಳ್ತಿರೋದು, ಆಗ್ಲೇ ಹೊಸ ಕನ್ನಡಕ ಮಾಡಿಸ್ಬೇಡಿ.

ದಯವಿಟ್ಟು ಇದನ್ನ ಕೇಳಿ ಹೆದರಿ ನೀವಾಗೇ ಔಷಧಿ ಬಿಡ್ಬೇಡಿ, ಏರಿದ ಶುಗರ್ ಸುಮ್ನೆ ಬಿಟ್ರೆ ಕಣ್ಣಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಎರಡೂ ಕಣ್ಣು ತೆರೆದಿದ್ರೆ ಒಂದರ ಮಂಕು ಇನ್ನೊಂದು ಮುಚ್ಚಿಬಿಡುತ್ತೆ, ಹಾಗಾಗಿ ಆಗಾಗ ಒಂದೊಂದೇ ಕಣ್ಣು ಕೈಯಲ್ಲಿ ಮುಚ್ಚಿ ಎದುರಿನ ಗೋಡೆ ನೋಡಿ, ಇದ್ದಕ್ಕಿದ್ದಂಗೆ ನೆರಳೋ ಮಂಕೋ ಕಂಡ್ರೆ ನಾಳೆ ನೋಡೋಣ ಅನ್ನದೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ.